ಆಹೇರಿಯ ಸರದಿ

ಗೋವೆಯ ಫೋಂಡಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬೆಳಗಾವಿಯ ವಿರೂಪಾಕ್ಷಪ್ಪನವರು ಜೀವಮಾನದಲ್ಲಿ ಒಂದು ಚುನಾವಣೆಗೂ ನಿಂತವರಲ್ಲ. ನಿಲ್ಲುವ ಕಷ್ಟ ಅವರಿಗೇಕೆ? ನಿಂತು ಗೆದ್ದವರೆಲ್ಲ ಅವರ ಅಂಗಡಿಯ ಗಾದಿಯ ಮೇಲೆ ಬಂದು ಕೂರುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಕೆಲವರಿಗೆ ಗೊತ್ತಿತ್ತು. ಬರೆಯಲು ಪುರಾವೆ ಇರಲಿಲ್ಲ. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಪಣಜಿಯಿಂದ ಸುದ್ದಿ ಕಳಿಸುತ್ತಿದ್ದ ನಾನು, ಧಾರವಾಡದ ದಿನಕರ, ಅದಕ್ಕಾಗಿ ಎರಡು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದೆ.

ತೊಂಬತ್ತರ ಸುಮಾರಿಗೆ, ಗೋವೆಯ ಸರ್ಕಾರಗಳು ಅಂಗಿಯಂತೆ ಬದಲಾಗುತ್ತಿದ್ದಾಗ, ಅವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಊಟವಾದ ಮೇಲೆ ನಮ್ಮ ಕಡೆಯ ಪದ್ಧತಿಯಂತೆ ಆಹೇರಿ. ಮಾನದ ಸರದಿಯಂತೆ ಒಬ್ಬೊಬ್ಬರ ಹೆಸರು ಕೂಗಿ, ಅವರಿಗೆ ರುಮಾಲು ಸುತ್ತಿ ತೆಂಗಿನಕಾಯಿ ಕೊಡುವುದು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದ ವಿರೂಪಾಕ್ಷಪ್ಪನವರ ಅಕ್ಕ ಮಹಾದೇವಕ್ಕ ಬಾಗಿಲ ಬಳಿ ಚೀಟಿ ಹಿಡಿದು ನಿಂತು ಹೆಸರು ಹೇಳಿಕೊಡುತ್ತಿದ್ದರು.

ಮೊದಲ ರುಮಾಲು ಒಬ್ಬ ಶಾಸಕನಿಗೆ. ವಿಧಾನಸಭೆಯಲ್ಲಿ ಆಕಳಿಸುವುದಕ್ಕೆ ಬಿಟ್ಟು ಬೇರೆಯದಕ್ಕೆ ಬಾಯಿ ತೆರೆಯದ ಮಹಾನುಭಾವ. ನಂತರ ವಿರೋಧ ಪಕ್ಷದ ಮೂವರಿಗೆ. ಅಧಿಕಾರದಲ್ಲಿದ್ದ ಮಂತ್ರಿಗಳು ಕಟ್ಟಕಡೆಗೆ, ಅಡುಗೆಯವರ ಹಿಂದೆ. ಸರದಿ ತಪ್ಪಿದರೆ ಬೀಗರು ಮೂರು ತಲೆಮಾರು ಮಾತು ಬಿಡುವ ಜನ ನಾವು. ವಿರೂಪಾಕ್ಷಪ್ಪನಂಥವರು ಸುಮ್ಮನೆ ತಪ್ಪುತ್ತಾರೆಯೇ?

ಹದಿನೈದು ದಿನಕ್ಕೆ ಸರ್ಕಾರ ಬಿತ್ತು. ಆಕಳಿಸುವವನು ಮುಖ್ಯಮಂತ್ರಿಯಾದ. ಉಳಿದವರೂ ರುಮಾಲಿನ ಸರದಿಯಲ್ಲೇ ಎದ್ದು ಬಂದು, ಯಾರ ಹಂಗೂ ಇಲ್ಲದೆ ದುಡಿಯುತ್ತೇವೆಂದು ದೇವರ ಹೆಸರಲ್ಲಿ ಪ್ರಮಾಣ ಮಾಡಿದರು. ದೇವರ ತಾಳ್ಮೆ ದೊಡ್ಡದು.

ಮರುದಿನ, ವಿರೂಪಾಕ್ಷಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ ಮನೆಗೆ ಹೋಗಿ ಮಹಾದೇವಕ್ಕನನ್ನು ಚೀಟಿ ಕೇಳಿದೆ. ಮುಂದೆ ಅವರವರ ಮನೆಯ ಕಾರ್ಯದಲ್ಲಿ ಅದೇ ಮಾನ ತಿರುಗಿಸಬೇಕಾಗುತ್ತದೆಂದು ನಮ್ಮವರು ಇಂಥ ಚೀಟಿ ಎಸೆಯುವುದಿಲ್ಲ. ಆಕೆ ದೇವರ ಕೋಣೆಯಿಂದ ತಂದುಕೊಟ್ಟರು. ವಿರೂಪಾಕ್ಷಪ್ಪನವರದೇ ಅಕ್ಷರ, ಗೃಹಪ್ರವೇಶದ ತಾರೀಖು. ಮೇಲಿನ ಒಂದೊಂದು ಹೆಸರಿನ ಮುಂದೆ ಒಂದೊಂದು ಖಾತೆ: ಗಣಿ, ರಸ್ತೆ, ಅಬಕಾರಿ.

“ಯಾರ ಮಾನ ಎಷ್ಟು ಅಂತ ತಪ್ಪಬಾರದಲ್ರಿ, ಅದಕ್ಕ ನಮ್ಮ ತಮ್ಮ ಎರಡು ದಿನ ಕುಂತು ಬರದಾನ,” ಎಂದರು ಹೆಮ್ಮೆಯಿಂದ. ಪತ್ರಿಕೆಗೆ ಬೇಕೆಂದಾಗ ಮುಖ ಸಣ್ಣದಾಯಿತು. “ನನ್ನ ಹೆಸರು ಮಾತ್ರ ಬ್ಯಾಡ್ರಿ. ಈ ಮನಿ ಬಿಟ್ರ ನನಗ ಬ್ಯಾರೆ ಮನಿ ಇಲ್ಲ.”

ಮಾತು ಕೊಟ್ಟೆ. ಹೆಸರು ಹಾಕಲೂ ಇಲ್ಲ. ಚೀಟಿಯ ಚಿತ್ರ ಮಾತ್ರ ಹಾಕಿಸಿದೆ. ಚೀಟಿ ಯಾರ ಕೈಯಲ್ಲಿತ್ತೆಂದು ಐನೂರು ಜನ ನೋಡಿದ್ದರು, ಅದು ನನಗೆ ಹೊಳೆಯಲಿಲ್ಲ. ಸುಳ್ಳು, ಹೊಳೆದಿತ್ತು. ಮೊದಲ ಪುಟದ ಆಸೆಗೆ ಬದಿಗೊತ್ತಿದೆ.

ವರದಿ ಬಂತು. ವಾರವಾದರೂ ಯಾರ ಕುರ್ಚಿಯೂ ಅಲುಗಲಿಲ್ಲ. ಮುಖ್ಯಮಂತ್ರಿ ಅದನ್ನು ಹಿರಿಯರ ಆಶೀರ್ವಾದ ಎಂದು ಕರೆದು ಆಕಳಿಸಿದ. ಕೊನೆಗೆ ನಾನೇ ಫೋಂಡಾಕ್ಕೆ ಹೋದೆ. ವಿರೂಪಾಕ್ಷಪ್ಪ ಮುಖ ಮರೆಸಿಕೊಂಡಿರಬೇಕು ಎಂದುಕೊಂಡಿದ್ದೆ. ಅಂಗಡಿ ಮುಂದೆ ಸಾಲು ನಿಂತಿತ್ತು: ಗುತ್ತಿಗೆದಾರರು, ವರ್ಗಾವಣೆ ಬೇಕಾದ ಮೇಷ್ಟ್ರುಗಳು, ಕುಡಚಡೆಯಿಂದ ಕಾರಿನಲ್ಲಿ ಬಂದ ಗಣಿ ಮಾಲೀಕ. ಒಳಗೆ ಗೋಡೆಯ ಮೇಲೆ ನನ್ನ ವರದಿ, ಕಟ್ಟು ಹಾಕಿಸಿ, ಸೇವಂತಿಗೆ ಮಾಲೆಯ ಸಮೇತ.

“ಬರ್ರಿ ದಿನಕರರ,” ಎಂದು ವಿರೂಪಾಕ್ಷಪ್ಪ ಗಾದಿ ಸರಿಸಿ ಕೂರಿಸಿಕೊಂಡರು. “ನನ್ನ ಮಾತು ನಡೀತದ ಅಂತ ಮೊದಲ ಹತ್ತು ಮಂದಿಗೆ ಗೊತ್ತಿತ್ತು. ಈಗ ಎಲ್ಲಾರಿಗೂ ಗೊತ್ತಾತು. ಭಾಳ ಉಪಕಾರ ಆತ್ರಿ.”

ಮಹಾದೇವಕ್ಕ ಹೇಗಿದ್ದಾರೆ ಎಂದು ಕೇಳಿದೆ. ವರದಿ ಬಂದ ದಿನವೇ ಬೆಳಗಾವಿ ಬಸ್ಸಿಗೆ ಹತ್ತಿಸಿದೆ ಎಂದರು. ತಮ್ಮ ಗುಟ್ಟಿಗೆ ಹೂಮಾಲೆ ಹಾಕಿ ಅದರ ಕೆಳಗೇ ಕೂತು ಹೇಳಿದರು: “ಮನ್ಯಾಗಿನ ಮಾತು ಹೊರಗ ಹಾಕೋ ಹೆಣಮಗಳನ್ನ ಹ್ಯಾಂಗ ಇಟಗೊಳ್ಳೋದ್ರಿ?”

ಬೆಳಗಾವಿಯಲ್ಲಿ ಯಾರ ಮನೆಗೆ ಎಂದೆ.

“ಅದನ್ನ ಕೇಳಲಿಲ್ಲ ನೋಡ್ರಿ ನಾ.”

ಎದ್ದು ಛೀಮಾರಿ ಹಾಕಬೇಕೆನಿಸಿತು. ಆದರೆ ಸರ್ಕಾರ ಇವತ್ತು ಬಿದ್ದೀತು ನಾಳೆ ಬಿದ್ದೀತು ಎಂದು ನಾನು ವಾರವಿಡೀ ಪಣಜಿಯಲ್ಲಿ ರೇಡಿಯೋ ಕೇಳುತ್ತ ಕೂತಿದ್ದೆ. ಆಕೆಯ ನೆನಪು ನನಗೂ ಆ ಗಾದಿಯ ಮೇಲೆ ಕೂತ ಮೇಲೇ ಬಂದದ್ದು.