ಮುನ್ನೂರು ಜನರ ಕಡಲೆ ಗಸಿ

ಜಲಜಾಕ್ಷಿಗೆ ಮನೀಶನ ಮೇಲಿದ್ದದ್ದು ಸಾಮಾನ್ಯ ಸಿಟ್ಟಲ್ಲ, ಹಲ್ಲು ಕಡಿಯುವಂಥ ಸಿಟ್ಟು. ಕೀಲ್ಪಾಕಿನ ಅವನ ಅಪ್ಪನ ಉಡುಪಿ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಒಲೆಯ ಮುಂದೆ ಬೆಂದವಳು ಅವಳು. ಕೆಲಸದವರ ಊಟಕ್ಕೆಂದು ಅವಳು ಕಾಯಿ ಅರೆದು ಗಟ್ಟಿ ಸಾರಿನಂತೆ ಮಾಡುತ್ತಿದ್ದ ಕಡಲೆ ಗಸಿಯನ್ನು ಮನೀಶ್ ಮೆನುವಿಗೆ ಏರಿಸಿದ. ಬಡವರ ಪ್ರೋಟೀನು, ಜೇಬಿಗೂ ಹಗುರ, ಭೂಮಿಗೂ ಹಗುರ ಎಂದೆಲ್ಲ ಫೋನಿನ ಮುಂದೆ ಭಾಷಣ ಬಿಗಿದು, ಇದು ತನ್ನದೇ ಸಂಶೋಧನೆ ಎಂದ. ಸೌಟು ಹಿಡಿಯಲು ಬಾರದವನ ಸಂಶೋಧನೆ.

"ನನ್ನ ಹೆಸರೊಂದು ಹೇಳಬಹುದಿತ್ತಲ್ಲ ಮಗ," ಎಂದಳು ಜಲಜಾಕ್ಷಿ.

"ಅಡುಗೆಯವರ ಹೆಸರು ಯಾರಿಗೆ ಬೇಕು ಜಲಜಕ್ಕ?" ಎಂದವನು ಮರುವಾರವೇ ಅವಳನ್ನು ಕೆಲಸದಿಂದ ಬಿಡಿಸಿ, ತುಂಗಾ ಎಂಬವಳನ್ನು ಸೇರಿಸಿಕೊಂಡ. ಇವನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ನೋಡದೆ ಸಾಯುವುದಿಲ್ಲ ಎಂದು ಜಲಜಾಕ್ಷಿ ಅಂದೇ ನಿಶ್ಚಯಿಸಿದಳು.

ಆರು ತಿಂಗಳಿಗೆ ಅವನೇ ತಿರುವೊಟ್ಟಿಯೂರಿನ ಅವಳ ಬಾಗಿಲಿಗೆ ಬಂದ. ಬೇಳೆಕಾಳುಗಳ ಬಗ್ಗೆ ಮುನ್ನೂರು ಡಾಕ್ಟರುಗಳ ಸಭೆಯಂತೆ, ಮಧ್ಯಾಹ್ನಕ್ಕೆ ಅವನ ಕಡಲೆ ಗಸಿಯೇ ಬೇಕಂತೆ.

"ನಿಮ್ಮ ಟೇಸ್ಟ್ ಬರ್ತಾ ಇಲ್ಲ ಜಲಜಕ್ಕ. ಸೀಕ್ರೆಟ್ ಎಂತ, ಕೊಂಜಂ ಸೊಲ್ಲುಂಗ, ಸ್ವಲ್ಪ ಹೇಳಿ," ಎಂದ ತಮಿಳು ಬೆರೆಸಿ.

ಅವಳು ಚಾ ಕೊಟ್ಟಳು. ಕಡಲೆ ನೆನೆಸುವುದು, ಕಾಯಿ ಹುರಿಯುವುದು, ಎಲ್ಲ ಹೇಳಿದಳು. ನಡುವೆ ಒಂದೇ ಒಂದು ಸುಳ್ಳು ಸೇರಿಸಿದಳು.

"ಕಡ್ಲೆ ಬೇಯ್ಲಿಕ್ಕೆ ಇಡುವಾಗ್ಲೇ ಹುಣಸೆಹುಳಿ ಗಟ್ಟಿಗೆ ಹಿಂಡಬೇಕು ಮಗ. ಆಗ್ಲೇ ಹುಳಿ ಒಳಗೆ ಇಳಿಯೂದು."

ಮೊದಲೇ ಹುಳಿ ಬಿದ್ದರೆ ಕಾಳು ಬೇಯುವುದಿಲ್ಲ ಎಂಬುದು ಒಲೆ ಹಚ್ಚಿದವರಿಗೆಲ್ಲ ಗೊತ್ತು. ಮನೀಶ್ ಒಲೆ ಹಚ್ಚಿದವನಲ್ಲ, ಫೋನಿನಲ್ಲಿ ಬರೆದುಕೊಂಡು ಹೋದ. ಅವಳಿಗೆ ಅಳುಕಿದ್ದದ್ದು ತುಂಗಾಳದ್ದೊಂದೇ. ಅವಳು ಬಾಯಿಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ.

ಸಭೆಯ ದಿನ ಸಂಜೆ ತುಂಗಾ ವಿಳಾಸ ಹುಡುಕಿಕೊಂಡು ಬಂದಳು.

"ಕಡ್ಲೆ ಕಲ್ಲಾಗಿತ್ತು ಅಕ್ಕ. ಅರ್ಧಕ್ಕರ್ಧ ಜನ ಎಲೆಯಲ್ಲೇ ಬಿಟ್ಟು ಎದ್ರು."

"ಹುಳಿ ಮೊದ್ಲು ಹಾಕಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿಲ್ಲದೆ ಎಂತ? ಹೇಳಿದೆ. ನೀನು ಅಡುಗೆಯವಳು, ಬಾಯಿ ಮುಚ್ಚಿಕೊಂಡಿರು ಅಂದ್ರು ಧಣಿ. ಮುಚ್ಚಿಕೊಂಡೆ."

ಜಲಜಾಕ್ಷಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆರು ತಿಂಗಳ ಉರಿ ತಣ್ಣಗಾಯಿತು. ಕಣ್ಣೊರೆಸಿಕೊಳ್ಳುತ್ತ, "ಮತ್ತೆ ಅವ ಎಂತ ಮಾಡಿದ?" ಎಂದು ಕೇಳಿದಳು.

ತುಂಗಾ ನೆಲ ನೋಡಿದಳು.

"ಮೈಕ್ ಹಿಡಿದು, ಈ ಗಸಿ ನಂದಲ್ಲ, ನಮ್ಮ ಹಳೇ ಅಡುಗೆಯವರು ಜಲಜಾಕ್ಷಿ ಅಂತ, ಅವ್ರೇ ಹೇಳಿಕೊಟ್ಟದ್ದು ಅಂದ್ರು. ಎರಡೆರಡು ಸಲ ಹೆಸ್ರು ಹೇಳಿದ್ರು ಅಕ್ಕ. ಮುನ್ನೂರು ಜನವೂ ಕೇಳಿದ್ರು."