ಮಾಣಿಕ್ಯದ ಬೆಳಕು

ನನ್ನ ಅಪ್ಪ ಕೃಷ್ಣಾನಂದರು ತಿರುವನಂತಪುರದ ಸೆಕ್ರೆಟೇರಿಯಟ್‌ನಲ್ಲಿ ಕಾನೂನು ಇಲಾಖೆಯ ಅಧಿಕಾರಿ. ಆಧಾರವಿಲ್ಲದ ಕಡತ ಬಂದರೆ, ಮಂತ್ರಿಯದ್ದಾದರೂ ಸರಿ, ಹಿಂದಕ್ಕೆ ಕಳಿಸುವವರು. ಮನೆಗೆ ಬಂದು ಅಂಗಿ ಕಳಚಿದರೆ ಆ ಬುದ್ಧಿಯನ್ನೂ ಗೂಟಕ್ಕೆ ತೂಗುಹಾಕುತ್ತಾರೆ. ಕಾಸರಗೋಡಿನ ಜೋಯಿಸರಿಗೆ ಫೋನು ಮಾಡದೆ ನಮ್ಮ ಮನೆಗೆ ಮಿಕ್ಸಿ ಕೂಡ ಬಂದದ್ದಿಲ್ಲ.

ನನ್ನ ಮುಂಗೈ ಮೇಲೆ ಕಪ್ಪು ಹಚ್ಚೆಯಲ್ಲಿ ಒಂದು ಹೆಸರಿತ್ತು: ಜೋಸೆಫ್. ಕೊಚ್ಚಿಯ ಐಟಿ ಪಾರ್ಕಿನಲ್ಲಿ ನನ್ನ ಪಕ್ಕದ ಕುರ್ಚಿಯವನು. ಇಬ್ಬರೂ ಹಾಕಿಸಿಕೊಳ್ಳೋಣ ಎಂದವನು, ನನ್ನದು ಮುಗಿದ ಮೇಲೆ ಸೂಜಿ ನೋಡಿ ಹೆದರಿ ಎದ್ದುಹೋದ. ಆಮೇಲೆ ಮನೆಯವರು ತೋರಿಸಿದ ಹುಡುಗಿಯನ್ನು ಕಟ್ಟಿಕೊಂಡು ದುಬೈ ಸೇರಿದ. ಅಂಥ ಪುಕ್ಕಲನ ಹೆಸರನ್ನು ನಾನು ಸಾಯುವತನಕ ಹೊರಬೇಕೇ? ಚಿನ್ಮಯನ ಜೊತೆ ನನ್ನ ಮದುವೆ ನಿಶ್ಚಯವಾಗಿತ್ತು. ಅವನಿಗೆ ಎಲ್ಲ ಗೊತ್ತಿತ್ತು, ಬೇಸರವಿರಲಿಲ್ಲ. ಬೇಸರವಿದ್ದದ್ದು ನನಗೆ.

ಕೊಚ್ಚಿಯಲ್ಲೇ ವೈಟ್ಟಿಲದ ಚರ್ಮವೈದ್ಯೆ ಡಾಕ್ಟರ್ ಜುಬೈದಾ ನನ್ನ ಕೈ ಹಿಡಿದು ನೋಡಿ, ಹಚ್ಚೆ ಅಳಿಸುವ ಲೇಸರುಗಳ ಬಗೆ ವಿವರಿಸಿದರು. ಹಸಿರು ಶಾಯಿಗೆ ಅಲೆಕ್ಸಾಂಡ್ರೈಟ್ ಒಳ್ಳೆಯದು. ರೂಬಿ ಕಪ್ಪನ್ನೂ ತೆಗೆಯುತ್ತದೆ, ಆದರೆ ಅದು ಬಿಳಿ ಚರ್ಮದವರಿಗೆ. ನನ್ನಂಥ ಕಂದುಮೈಗೆ ಯಾಗ್ ಎಂಬುದೇ ಸರಿ. ನಿಧಾನ, ಆದರೆ ಚರ್ಮದ ಸ್ವಂತ ಬಣ್ಣ ಉಳಿಯುತ್ತದೆ.

ಅಪ್ಪನಿಗೆ ಅಷ್ಟನ್ನೂ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಕಾಸರಗೋಡಿಗೆ ಫೋನು ಮಾಡಿ ಬಂದರು.

"ರೂಬಿ ಅಂದ್ರೆ ಮಾಣಿಕ್ಯ ಅಲ್ವಾ? ನಿಂದು ಸಿಂಹಲಗ್ನ. ಜೋಯಿಸರತ್ರ ಕೇಳಿದೆ, ನಿಂಗೆ ಮಾಣಿಕ್ಯ ಭಾರೀ ಆಗಿ ಬರ್ತದಂತೆ."

"ಅಪ್ಪಾ, ಅದು ಉಂಗುರ ಅಲ್ಲ. ಡಾಕ್ಟ್ರು ಹೇಳಿದ್ದು ಯಾಗ್."

"ಅದೆಂತ ಕಲ್ಲು? ನವರತ್ನದಲ್ಲಿ ಉಂಟಾ ಅದು?"

ಕಾನೂನು ಓದಿದ ಮನುಷ್ಯ! ನಾನು ವಾದಿಸಿದೆ. ಅಮ್ಮ ಅಳಲು ಶುರುಮಾಡಿದರು. ನಮ್ಮ ಮನೆಯಲ್ಲಿ ಅಮ್ಮ ಅತ್ತರೆ ಕೇಸು ಮುಗಿದಂತೆ.

ರೂಬಿ ಯಂತ್ರವಿದ್ದ ಕ್ಲಿನಿಕ್ಕನ್ನು ತಿರುವನಂತಪುರದಲ್ಲಿ ಅಪ್ಪನೇ ಹುಡುಕಿದರು. ರಾಹುಕಾಲ ಕಳೆಯುವವರೆಗೆ ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಅಲ್ಲಿಯ ಡಾಕ್ಟರಿಗೆ ಯಂತ್ರ ಓಡಿದರೆ ಸಾಕಿತ್ತು, ನನ್ನ ಮೈಬಣ್ಣ ನೋಡುವ ಗೋಜಿಗೇ ಹೋಗಲಿಲ್ಲ.

ಕೆಲವು ತಿಂಗಳಲ್ಲಿ ಕಪ್ಪು ಪೂರ್ತಿ ಹೋಯಿತು. ಕೊನೆಯ ಹಕ್ಕಳೆ ಉದುರಿದ ಮೇಲೆ ನೋಡಿದರೆ, ಕಂದು ಕೈಯಲ್ಲಿ ಬೆಳ್ಳಗೆ, ಒಂದಕ್ಷರ ಬಿಡದೆ, ಜೋಸೆಫ್. ಈಗ ಬಸ್ಸಿನಲ್ಲಿ ಆಚೆ ಸೀಟಿನವರೂ ಓದಬಹುದು. ಜುಬೈದಾ ಬಳಿ ಓಡಿದೆ. ಶಾಯಿ ತೆಗೆಯುವ ಲೇಸರುಗಳಿವೆ, ಹೋದ ಬಣ್ಣ ಮರಳುವ ಭರವಸೆ ಕೊಡಲಾರೆ ಎಂದರು. ಕೊಚ್ಚಿಯ ನನ್ನ ಕೋಣೆಗೆ ಮರಳಿ, ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿ, ಬಚ್ಚಲಲ್ಲಿ ನಿಂತು ಅತ್ತೆ.

ಸಂಜೆ ಅಪ್ಪನ ಫೋನು.

"ಜೋಯಿಸರತ್ರ ಮಾತಾಡಿದೆ. ಈಗ ಹವಳ ಹಾಕ್ಬೇಕಂತೆ."

ನಾನು ಕೈಮೇಲಿನ ಬಿಳಿ ಅಕ್ಷರಗಳನ್ನು ಇನ್ನೊಮ್ಮೆ ಓದಿದೆ.

"ಅಷ್ಟರವರೆಗೆ... ಮದುವೆಗೆ ಉದ್ದ ಕೈಯ ರವಕೆ ಹೊಲಿಸುವ, ಆಗದಾ?"

"ಬೇಡ ಅಪ್ಪಾ," ಎಂದೆ. "ಗಿಡ್ಡ ಕೈಯದ್ದೇ ಹೊಲಿಸಿ. ಮಾಣಿಕ್ಯ ಎಷ್ಟು ಆಗಿ ಬಂದಿದೆ ಅಂತ ನೆಂಟರಿಷ್ಟರೆಲ್ಲ ನೋಡ್ಲಿ. ಜೋಯಿಸರನ್ನು ಎದುರು ಸಾಲಿನಲ್ಲಿ ಕೂರಿಸಿ."