ಮುಂದಿನ ಸಾಲಿನ ನಗೆ

ನಮ್ಮ ಮಂಠಾಳದ ತಂಡ ಆಡುವುದು ಒಂದೇ ಆಟ, ಮೀಸೆ ಕಳೆದುಕೊಂಡ ರಾಜನ ಕಥೆ. ಶುರುವಿನಿಂದ ಕೊನೆಯವರೆಗೆ ಹಾಡು, ಹಾಡಿನ ನಡುವೆ ನಗೆ. ರಾಜನ ಪಾತ್ರ ನನ್ನ ತಂಗಿಯ ಮಗ ಅಶೋಕಕುಮಾರನದು. ತಂಡದ ಯಜಮಾನನೂ ಅವನೇ. ಜನರನ್ನು ನಗಿಸುವ ಸಾರಥಿಯ ಪಾತ್ರ ನರಸಿಂಗನದು. ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ಮೈಲಾರ ಮಲ್ಲಣ್ಣನ ಭಂಡಾರದ ಅರಿಶಿನವನ್ನು ಪೇಟಿಗೆ ಹಚ್ಚಿ, ಕೈಮುಗಿದು, ಆಮೇಲೆಯೇ ಅದರ ಮೇಲೆ ಬೆರಳಿಡುವುದು. ಕುರಿ ಕಾಯುವುದನ್ನು ಬಿಟ್ಟರೆ ನನಗೆ ಬರುವ ಕೆಲಸ ಇದೊಂದೇ.

ಈ ಆಟದಲ್ಲಿ ಒಂದು ಪದ್ಧತಿ ಇದೆ. ರಾಜ ಮೀಸೆ ಹುಡುಕಲು ಹೋದಾಗ ಸಾರಥಿ ಕಿರೀಟವನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಮುಂದಿನ ಸಾಲಿನಲ್ಲಿ ಕೂತ ಹಿರಿಯ ಹೆಂಗಸನ್ನು ಕೇಳಬೇಕು: "ಯವ್ವಾ, ಹ್ಯಾಂಗ ಕಾಣಾಕತ್ತೇನಿ?" ಆಕೆ ಅಂದ ಮಾತನ್ನು ಹಿಡಿದು ಅವನು ಅಲ್ಲೇ ಹಾಡು ಕಟ್ಟಬೇಕು. ಆಕೆ ಏನೂ ಅನ್ನದಿದ್ದರೆ ಹಾಡಿಲ್ಲ.

ನಾನು ಕಂಡಂತೆ ಆ ಜಾಗದಲ್ಲಿ ಕೂತವಳು ನನ್ನ ಹೆಂಡತಿ ಧೂಳಮ್ಮ. ಒಮ್ಮೆ ಅಂದ ಮಾತನ್ನು ಅವಳು ಮತ್ತೊಮ್ಮೆ ಅಂದವಳಲ್ಲ. "ಬೆದರುಗೊಂಬಿ ಮ್ಯಾಲ ಒಡಕ ಗಡಿಗಿ ಬೋರಲ ಹಾಕ್ದಂಗ" ಎಂದಳು ಒಂದು ವರ್ಷ. ಇನ್ನೊಂದು ವರ್ಷ, "ನಿನಕಿಂತ ನಮ್ಮ ಹೋತ ಚೆಂದ ಅದ. ಅದಕ್ಕ ಗಡ್ಡರ ಅದ!" ಅಂದು ಮುಗಿಸುವ ಮೊದಲೇ ತಾನೇ ನಗುತ್ತಿದ್ದಳು. ಅವಳು ನಕ್ಕ ಮೇಲೆ ಊರು ನಗುತ್ತಿತ್ತು.

ಹೋದ ಶ್ರಾವಣದಲ್ಲಿ ಅವಳು ದೇವರ ಪಾದ ಸೇರಿದಳು. ಆಮೇಲೆ ನಾನು ನರಸಿಂಗನನ್ನು ಕರೆದು, "ಆ ಮಾತು ಇನ್ನ ಕೇಳಬ್ಯಾಡಪ್ಪಾ. ನನಗ ತಡಕೊಳ್ಳಾಕ ಆಗೂದಿಲ್ಲ" ಎಂದೆ. ಅವನು ತಲೆಯಾಡಿಸಿದ. ಅಂದಿನಿಂದ ಆಟ ಆ ಜಾಗವನ್ನು ಹಾರಿ ಮುಂದೆ ಹೋಗುತ್ತಿತ್ತು.

ಹೀಗಿರುವಾಗ ರತ್ನಮಾಲಾ ಬಾಯಿ ನಮ್ಮನ್ನು ಕರೆಸಿದಳು. ಆಕೆ ಬಸವಕಲ್ಯಾಣದಲ್ಲಿ ಸಂಗೀತ ಕಲಿಸುವಾಕೆ. ಇಂಥ ಆಟಗಳನ್ನು ಜನರ ಮುಂದೆ ಆಡುವಾಗಲೇ ರೆಕಾರ್ಡ್ ಮಾಡಿ ಇಡಬೇಕೆಂಬುದು ಆಕೆಯ ಆಸೆ. ಹೇಗಿರುತ್ತದೆಂದು ತೋರಿಸಲು ಅಮೆರಿಕದ ಈಗಿನ ಕಾಲದ ಒಂದು ದೊಡ್ಡ ಹಾಸ್ಯ ಸಂಗೀತ ನಾಟಕವನ್ನು ಕೇಳಿಸಿದಳು. ಅದಕ್ಕೆ ಆಪೆರಾ ಎನ್ನುತ್ತಾರಂತೆ. ಅಲ್ಲಿ ಜಗಳವನ್ನೂ ಹಾಡಿಯೇ ಆಡುತ್ತಾರೆ. ಒಬ್ಬ ಹೆಂಗಸು ಒಂದೇ ಸ್ವರ ಹಿಡಿದು ಬಿಡದೆ ನಿಂತಳು. ಹಿಂದೆ ಸಭೆಯೆಲ್ಲ ನಕ್ಕಿತು.

"ಯಾಕ ನಕ್ಕರ್ರಿ?" ಎಂದ ಅಶೋಕಕುಮಾರ.

"ಉಸಿರು ಬಿಡವಲ್ಲಳು ನೋಡೋ, ಅದಕ್ಕ" ಎಂದ ನರಸಿಂಗ. "ನಿನ್ನ ಹೇಣ್ತಿ ಬೈಯಾಕತ್ತರ ಹಿಂಗ ಇರ್ತದಲ್ಲ."

ನಾನು ಬೇರೆಯೇ ಒಂದನ್ನು ಕೇಳಿದೆ. ಎಲ್ಲರಿಗಿಂತ ಒಂದು ಗಳಿಗೆ ಮೊದಲು ಒಬ್ಬಾಕೆ ನಕ್ಕಿದ್ದಳು. ಅಷ್ಟು ದೂರದ ದೇಶದಲ್ಲೂ ಮುಂದಿನ ಸಾಲಿನಲ್ಲಿ ಒಬ್ಬಾಕೆ ಕೂತಿದ್ದಾಳೆ ಎಂದುಕೊಂಡೆ. ಧೂಳಮ್ಮನ ನಗೆಯನ್ನು ಯಾರೂ ಹೀಗೆ ಹಿಡಿದಿಟ್ಟಿರಲಿಲ್ಲ. ಈಗ ಹಿಡಿಯುವವರು ಬಂದಿದ್ದಾರೆ, ಅವಳಿಲ್ಲ. ಆಟ ಒಮ್ಮೆ ರೆಕಾರ್ಡ್ ಆಯಿತೆಂದರೆ ಅವಳ ಜಾಗ ಎಂದೆಂದಿಗೂ ಖಾಲಿಯಾಗಿಯೇ ಉಳಿಯುತ್ತದಲ್ಲ ಎಂದು ಮನಸ್ಸು ಭಾರವಾಯಿತು. ಹಾಗೆ ಬಿಡಲು ಹೇಳಿದವನು ನಾನೇ.

ಊರಿಗೆ ಬಂದ ಮೇಲೆ ಅಶೋಕಕುಮಾರ ತಾನೇ ಒಂದು ತೀರ್ಮಾನ ಮಾಡಿದ. ಅಮೆರಿಕದವರ ರೆಕಾರ್ಡಿನಲ್ಲಿ ಜನರ ಗದ್ದಲ ಸೇರಿ ಕೆಟ್ಟಿದೆ, ನಮ್ಮದು ಸ್ವಚ್ಛವಾಗಿರಬೇಕು ಎಂದು. ರತ್ನಮಾಲಾ ಬಾಯಿಯನ್ನು ಒಂದು ಮಾತು ಕೇಳಲಿಲ್ಲ. ಮನೆಮನೆಗೆ ಹೋಗಿ ಕೈಮುಗಿದು ಹೇಳಿಬಂದ: "ಬರ್ರಿ, ಕುಂದರ್ರಿ, ಆದರ ಬಿಲ್ಕುಲ್ ನಗಬ್ಯಾಡ್ರಿ. ಕೆಮ್ಮು ಬಂದರ ನುಂಗ್ರಿ. ಮಂಠಾಳದ ಮಾನ ನಿಮ್ಮ ಕೈಯಾಗ ಅದ."

ನಮ್ಮ ಜನ ಮಾತಿಗೆ ನಿಲ್ಲುವವರು. ಆಟ ರೆಕಾರ್ಡ್ ಮಾಡಲು ಗೊತ್ತುಮಾಡಿದ್ದ ಭಾನುವಾರ ಮಧ್ಯಾಹ್ನ ಟೆಂಪೋಗಳಲ್ಲಿ ಹುಮನಾಬಾದಿನ ಮೇಲೆ ಹಾಯ್ದು ಮಾಣಿಕನಗರಕ್ಕೆ ಬಂದರು. ಅಲ್ಲಿಯ ಸಂತ ಪ್ರಭುಗಳ ಗದ್ದುಗೆಗೆ ನಮಸ್ಕಾರ ಮಾಡಿ, ಪಕ್ಕದ ಸಭಾಭವನದಲ್ಲಿ ಕಲ್ಲಿನಂತೆ ಕೂತರು. ಗಂಡಸರು ಬಾಯಿಗೆ ಟವೆಲ್ ಹಿಡಿದಿದ್ದರು, ಹೆಂಗಸರು ಸೆರಗು. ದರ್ಶನಕ್ಕೆ ಬಂದಿದ್ದ ಪರ ಊರಿನವರು ನಾಲ್ಕಾರು ಜನ ಇವರ ಮೌನ ನೋಡಿ ಪ್ರವಚನವೆಂದು ತಿಳಿದು, ಕೈಮುಗಿದು ಹಿಂದೆ ಕೂತರು. ಮುಂದಿನ ಸಾಲಿನಲ್ಲಿ ನಮ್ಮ ನೆರೆಮನೆಯ ಸಂಗಮ್ಮನ ಪಕ್ಕ ಒಂದು ಜಾಗ ಖಾಲಿ ಇತ್ತು. ಅಲ್ಲಿ ಕೂಡಲು ಯಾರೂ ಮನಸ್ಸು ಮಾಡಿರಲಿಲ್ಲ.

ರತ್ನಮಾಲಾ ಬಾಯಿ ಒಂದು ಮೈಕನ್ನು ನನ್ನ ಪೇಟಿಗೇ ಕಟ್ಟಿಸಿದಳು. ಆಟ ಶುರುವಾಯಿತು.

ರಾಜ ಮೀಸೆಗಾಗಿ ಅತ್ತ. ಯಾರೂ ನಗಲಿಲ್ಲ. ನರಸಿಂಗ ರಾಣಿಯ ಜಡೆ ತಂದು ರಾಜನ ಮೂಗಿನ ಕೆಳಗೆ ಅಂಟಿಸಿದ. ಊರಿನಲ್ಲಿ ಆಗಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದರು; ಇಲ್ಲಿ ಒಂದು ಉಸಿರೂ ಇಲ್ಲ. ಬಾಗಿಲ ಬಳಿ ನಿಂತ ರತ್ನಮಾಲಾ ಬಾಯಿ ಏನಾಯಿತೆಂದು ತಿಳಿಯದೆ ನಮ್ಮನ್ನೂ ಜನರನ್ನೂ ನೋಡುತ್ತಿದ್ದಳು. ನರಸಿಂಗನ ಮುಖದ ಬಣ್ಣ ಬೆವರಿಗೆ ಇಳಿಯಿತು. ಅವನು ಕುಣಿಯುವ ನೆಪದಲ್ಲಿ ನನ್ನ ಬಳಿ ಬಂದು ಬಗ್ಗಿದ.

"ಕಾಕಾ, ನಾ ಸತ್ತೆ. ಒಬ್ಬರೂ ನಗವಲ್ಲರು."

"ಮುಂದಿನ ಹಾಡು ತಗಿ" ಎಂದೆ.

ಅವನು ಮುಂದಿನ ಹಾಡು ತೆಗೆಯಲಿಲ್ಲ. ದಿಕ್ಕು ತಪ್ಪಿದವನಂತೆ ಕಿರೀಟ ಎತ್ತಿ ತಲೆಗಿಟ್ಟುಕೊಂಡ. ಕಾಲುಗಳು ಹಳೆಯ ರೂಢಿಯಂತೆ ಮುಂದಿನ ಸಾಲಿನ ಕಡೆಗೆ ಹೋದವು. ಖಾಲಿ ಜಾಗದ ಮುಂದೆ ನಿಂತು ಕೇಳಿಯೇ ಬಿಟ್ಟ:

"ಯವ್ವಾ, ಹ್ಯಾಂಗ ಕಾಣಾಕತ್ತೇನಿ?"

ಕೇಳಿದ ಮೇಲೆ ಅವನಿಗೆ ಎಚ್ಚರವಾಯಿತು. ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು. ನಾನು ಪೇಟಿ ಒತ್ತಿ ಮುಂದೆ ಹೋಗಿದ್ದರೆ ಅವನು ಪಾರಾಗುತ್ತಿದ್ದ. ಬೆರಳು ಪೇಟಿಯ ಸ್ವರದ ಮನೆಗಳ ಮೇಲೆಯೇ ಇತ್ತು. ಆದರೆ ಉತ್ತರ ಬರಲಿಲ್ಲವೆಂದರೆ ಹಾಡಿಲ್ಲ. ನಾನು ಬದುಕಿದ್ದೂ ಅವಳ ಜಾಗದಿಂದ ಒಂದು ಮಾತೂ ಬಾರದೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಮಲ್ಲಣ್ಣಾ, ನೀನೇ ನೋಡಿಕೋ ಎಂದು ಬಾಯಿ ತೆರೆದೆ. ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ ಅವಳು ನನ್ನ ಕಿವಿಯಲ್ಲಿ ಅಂದ ಮಾತೊಂದಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಉಣ್ಣೆ ಕತ್ತರಿಸಿದ ಟಗರಿಗಿ ಬಾಸಿಂಗ ಕಟ್ಟಿದಂಗ ಕಾಣಾಕತ್ತಿ!"

ಪೇಟಿಯವನು ಮಾತಾಡಿದ್ದು ನಮ್ಮ ಆಟದಲ್ಲಿ ಅದೇ ಮೊದಲು. ಸಭೆ ಇನ್ನೂ ಬಿಗಿಹಿಡಿದು ಕೂತಿತ್ತು. ಸಂಗಮ್ಮ ಬಾಯಿಂದ ಸೆರಗು ತೆಗೆದಳು.

"ಅಮೃತಣ್ಣಾ! ಅದು ಧೂಳವ್ವ ಮದುವಿ ದಿನ ನಿನಗ ಅಂದದ್ದಲ್ಲೇನೋ!"

ನಾನು ಅವಳ ಕಡೆ ತಿರುಗಿದೆ. "ನಿನಗ ಹ್ಯಾಂಗ ಗೊತ್ತು?"

"ನನಗಷ್ಟೇ ಏನು? ಮರುದಿನ ನೀರಿಗಿ ಬಂದಾಗ ಬಾವಿಕಟ್ಟಿ ಮ್ಯಾಲ ಎಲ್ಲರಿಗಿ ಹೇಳ್ಯಾಳ. ಇಷ್ಟು ವರ್ಷ ನಿನ್ನ ಹಿಂದ ನಾವು ನಿನಗ ಟಗರಂತೇ ಕರೀತೀವಿ!"

ಹೆಂಗಸರ ಸಾಲು ಒಡೆಯಿತು. ಅವರ ಹಿಂದೆ ಗಂಡಸರು. ಅಷ್ಟು ಹೊತ್ತು ನುಂಗಿದ್ದ ನಗೆಯೆಲ್ಲ ಒಟ್ಟಿಗೆ ಹೊರಬಂತು. ಅಳುವ ರಾಜನಿಗೂ, ಜಡೆಯ ಮೀಸೆಗೂ, ನನಗೂ ಸೇರಿ. ಪ್ರವಚನವೆಂದು ಕೂತವರೂ ಕೈಮುಗಿದುಕೊಂಡೇ ನಕ್ಕರು. "ನಗಬ್ಯಾಡ್ರೀ!" ಎಂದು ಓಡಿಬಂದ ಅಶೋಕಕುಮಾರನ ಮೂಗಿನಿಂದ ಜಡೆ ಕಳಚಿ ಬಿತ್ತು. ಆಮೇಲೆ ಕೇಳುವುದೇ ಬೇಡ. ನರಸಿಂಗ ಕಣ್ಣೊರೆಸಿಕೊಂಡು, ಬಾಸಿಂಗ ಕಟ್ಟಿದ ಟಗರಿನ ಮೇಲೆ ಹಾಡು ಕಟ್ಟಿದ. ಅಂಥ ಹಾಡನ್ನು ಅವನು ಹಿಂದೆ ಕಟ್ಟಿರಲಿಲ್ಲ.

ಕೆಲವು ದಿನಗಳಾದ ಮೇಲೆ ರೆಕಾರ್ಡ್ ಕೇಳಲು ಬಸವಕಲ್ಯಾಣಕ್ಕೆ ಹೋದೆವು.

"ಮ್ಯಾಡಂ, ಈ ಗದ್ದಲ ತೆಗೀಲಾಕ ಬರ್ತದೇನ್ರಿ?" ಎಂದ ಅಶೋಕಕುಮಾರ.

"ಬರ್ತದ್ರಿ. ತೆಗೀಲೇನು?"

ಅವನು ಆ ಭಾಗವನ್ನು ಇನ್ನೊಮ್ಮೆ ಕೇಳಿದ. ಕೇಳುತ್ತ ಅವನ ಮುಖ ಸಡಿಲವಾಯಿತು. "ಬ್ಯಾಡ್ರಿ, ಇರಲಿ. ಆದರ ಎಲ್ಲರಿಗಿಂತ ಮೊದಲ ಯಾವನೋ ಒಬ್ಬ ಕರ್ಕಶ ನಕ್ಕಾನ ನೋಡ್ರಿ, ಮೈಕಿನಾಗೇ ಬಾಯಿ ಇಟ್ಟಂಗ. ಆ ಮಗ ಯಾರು?"

ನರಸಿಂಗ ನನ್ನ ಕಡೆ ನೋಡಿದ. ರತ್ನಮಾಲಾ ಬಾಯಿಯೂ ನೋಡಿದಳು. ಮೈಕು ಕಟ್ಟಿದ್ದು ನನ್ನ ಪೇಟಿಗೆ. ಹೋದ ಶ್ರಾವಣದಿಂದ ನನ್ನ ಮನೆಯಲ್ಲಿ ಕೇಳಿಸದಿದ್ದ ದನಿ ಅದು. ನನಗೇ ಗುರುತು ಹತ್ತಲು ತಡವಾಯಿತು.

"ನಾನೇ ಅಪ್ಪಾ. ಯಾರರ ಒಬ್ಬರು ಮೊದಲ ನಗಬೇಕಲ್ಲ" ಎಂದೆ. "ರತ್ನಮಾಲಾ ಬಾಯಿ, ಇನ್ನೊಮ್ಮೆ ಹಚ್ಚು, ಕೇಳೋಣ."